ಹೂಗಳ ಕಣಿವೆಯ ನಾಲ್ಕೆಸಳಿನ ನೇರಳೆ ಹೂ: ಗುರುತು ಹಿಡಿಯೋದು ಹೇಗೆ?

ಪ್ರಶ್ನೆ: ಉತ್ತರಾಖಂಡದ ಹೂಗಳ ಕಣಿವೆ, ಸುಮಾರು 3,400 ಮೀಟರ್ ಎತ್ತರ, ಜುಲೈ. ತೊರೆಯಂಚಿನಲ್ಲಿ ಮೊಣಕಾಲೆತ್ತರದ ಗಿಡ, ತಿಳಿ ನೇರಳೆ ಹೂ, ನಾಲ್ಕು ಎಸಳು, ಕರಿಬೇವಿನಂತೆ ಜೋಡಿ ಜೋಡಿ ಕಿರುಎಲೆ. ಆ್ಯಪ್ ಒಂದೊಂದು ಫೋಟೊಗೆ ಒಂದೊಂದು ಹೆಸರು ಹೇಳುತ್ತಿದೆ. ಸಾಸಿವೆ ಕುಟುಂಬದ್ದೇ ಇರಬಹುದೇ?

– ಎಸಳು ನಾಲ್ಕಿದ್ದರೆ ಸಾಲದು, ಕೇಸರ (ಹೂವಿನೊಳಗೆ ಪರಾಗ ಹೊತ್ತ ಎಳೆಗಳು) ಎಣಿಸಿ. ಸಾಸಿವೆ ಕುಟುಂಬದಲ್ಲಿ ಸಾಮಾನ್ಯವಾಗಿ ಆರು: ಒಳಗೆ ನಾಲ್ಕು ಉದ್ದ, ಹೊರಗೆ ಎರಡು ಗಿಡ್ಡ. ಎಂಟಿದ್ದು, ಎಸಳಿನ ಕೆಳಗೇ ಉದ್ದನೆ ಅಂಡಾಶಯ ಕಂಡರೆ ಅದು ಬೇರೆ ಕುಟುಂಬದ ಎಪಿಲೋಬಿಯಂ. ಅದೂ ಗುಲಾಬಿ-ನೇರಳೆ, ಹೆಚ್ಚಿನವರು ಎಡವೋದು ಅಲ್ಲೇ. ಎರಡೇ ಕೇಸರವಿದ್ದು ಎಸಳಿನ ಬುಡ ಕೂಡಿಕೊಂಡಿದ್ದರೆ ವೆರೋನಿಕಾ, ಅದೂ ಬೇರೆ ಕುಟುಂಬ.

– ಈ ಲೆಕ್ಕಕ್ಕೆ ಅಪವಾದವೂ ಹಿಮಾಲಯದಲ್ಲೇ ಇದೆ. ಮೆಗಾಕಾರ್ಪಿಯಾ ಪಾಲಿಯಾಂಡ್ರಾ ಸಾಸಿವೆ ಕುಟುಂಬದ್ದೇ, ಆದರೆ ಕೇಸರ ಆರಕ್ಕಿಂತ ಹೆಚ್ಚು. ನಿಮ್ಮದು ಅದಲ್ಲ ಬಿಡಿ: ಅದು ಭಾರಿ ಗಿಡ, ಹೂ ತಿಳಿ ಹಳದಿ, ಕಾಯಿಗೆ ಅಗಲವಾದ ರೆಕ್ಕೆ. ನಮ್ಮ ಹೊಲದ ನಾಯಿಸಾಸಿವೆ ಇದಕ್ಕೆ ತದ್ವಿರುದ್ಧ. ಹೆಸರಲ್ಲಿ ಸಾಸಿವೆ, ಕುಟುಂಬ ಬೇರೆ. ಕಾಯಿ ಸೀಳಿದರೆ ಸಾಸಿವೆ ಕುಟುಂಬದ ಕಾಯಿಯಲ್ಲಿರುವಂಥ ನಡುವಿನ ಪರದೆ ಇರೋದಿಲ್ಲ.

– ಕಾಯಿ ನೋಡದೆ ಜಾತಿ ಹೇಳೋಕೆ ಹೋಗಬೇಡಿ. ಗೊಂಚಲು ಕೆಳಗಿನಿಂದ ಮೇಲಕ್ಕೆ ಅರಳುವುದರಿಂದ ತುದಿಯಲ್ಲಿ ಹೂವಿದ್ದಾಗಲೇ ಬುಡದಲ್ಲಿ ಕಾಯಿ ಸಿಗುತ್ತದೆ. ಎಲ್ಲರೂ ತುದಿಯನ್ನಷ್ಟೇ ಕ್ಲಿಕ್ಕಿಸಿ ಬರುತ್ತಾರೆ. ಕಾಯಿಯ ಉದ್ದ ಅಗಲದ ಮೂರು ಪಟ್ಟಿಗಿಂತ ಹೆಚ್ಚೋ ಕಡಿಮೆಯೋ ಅಂತ ಮೊದಲು ನೋಡಿ. ಗಿಡ್ಡ ಚಪ್ಪಟೆ ಕಾಯಿ, ನೆಲಕ್ಕಂಟಿದ ಎಲೆಗುಚ್ಛ, 10 ಪಟ್ಟಿನ ಲೆನ್ಸಿನಲ್ಲಿ ಕವಲೊಡೆದ ರೋಮ ಕಂಡರೆ ಸಾಸಿವೆ ಕುಟುಂಬದ ಡ್ರಾಬಾ ಕಡೆ ಹೋಗಿ. ಉದ್ದ ಕಾಯಿ, ಕಿರುಎಲೆಗಳಾಗಿ ಒಡೆಯದ ಎಲೆ, ಎಲೆಬುಡ ಕಾಂಡವನ್ನು ತಬ್ಬಿದ್ದರೆ ಅದೇ ಕುಟುಂಬದ ಅರಾಬಿಸ್ ಪರಿಶೀಲಿಸಿ. ನಿಮ್ಮ ವಿವರಣೆಗೆ ಹತ್ತಿರವಾದದ್ದು ಸಾಸಿವೆ ಕುಟುಂಬದ್ದೇ ಆದ ಕಾರ್ಡಮೈನ್ ಮ್ಯಾಕ್ರೋಫಿಲ್ಲಾ: ತೇವದ ಜಾಗ, ಹಲ್ಲಂಚಿನ ಕಿರುಎಲೆ, ಸಪೂರ ಚಪ್ಪಟೆ ಕಾಯಿ. ಬಲಿತ ಕಾಯಿಯ ಸಿಪ್ಪೆ ಸುರುಳಿ ಸುತ್ತಿ ಬೀಜ ಸಿಡಿಸಿದರೆ ಕಾರ್ಡಮೈನ್ ಅನ್ನೋ ಊಹೆ ಗಟ್ಟಿಯಾಗುತ್ತದೆ.

– ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನ, ಗಿಡ ಕೀಳೋ ಹಾಗಿಲ್ಲ, ಫೋಟೊ ತೆಗೆಯಿರಿ. ಹೂವಿನ ಮುಂಭಾಗ, ಪಕ್ಕದಿಂದ ಪುಷ್ಪಪತ್ರ (ಎಸಳಿನ ಹೊರಗಿನ ಹಸಿರು ದಳ), ಕಾಯಿ, ಕಾಂಡಕ್ಕೆ ಎಲೆ ಕೂಡುವ ಜಾಗ, ಬುಡದ ಎಲೆ, ಇಡೀ ಗಿಡ: ಇಷ್ಟೂ ಒಂದೇ ಗಿಡದ್ದಾಗಿರಲಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ತಿಳಿ ಬಣ್ಣದ ಹೂವಿಗೆ ಎಕ್ಸ್‌ಪೋಷರ್ ಒಂದು ಹಂತ ಇಳಿಸಿ. ಇಲ್ಲದಿದ್ದರೆ ಎಸಳು ಬೆಳ್ಳಗಾಗಿ, ಎಣಿಸಬೇಕಾದ ಕೇಸರವೇ ಕಾಣೋದಿಲ್ಲ.