ಬಿಡಿ ಸಿಗರೇಟ್ ಕೊಂಡರೆ ಎಚ್ಚರಿಕೆ ಚಿತ್ರ ಕಾಣುವುದೇ ಇಲ್ಲ, ಇದಕ್ಕೆ ನಿಯಮ ಇಲ್ವಾ?

ಹಾಸನದ ಹುಡುಗಿ:
ನಮ್ಮಪ್ಪನಿಗೆ 58 ವರ್ಷ. ದಿನಕ್ಕೆ ಏಳೆಂಟು ಸಿಗರೇಟ್ ಸೇದುತ್ತಾರೆ. ಪ್ಯಾಕ್ ತಗೊಳ್ಳುವುದೇ ಇಲ್ಲ. ಬೀದಿ ಕೊನೆಯ ಗೂಡಂಗಡಿಯಲ್ಲಿ ಒಂದೊಂದೇ ಕೊಂಡು, ಅಲ್ಲೇ ದಾರಕ್ಕೆ ಕಟ್ಟಿರುವ ಲೈಟರಿನಲ್ಲಿ ಹಚ್ಚಿಕೊಂಡು ಬರುತ್ತಾರೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಖಾಲಿ ಪ್ಯಾಕ್ ನೋಡಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು, ಅಪ್ಪ ಮಾತ್ರ ಆ ಚಿತ್ರ ಸರಿಯಾಗಿ ನೋಡಿಯೇ ಇಲ್ಲ. ಹೀಗೆ ಬಿಡಿಯಾಗಿ ಮಾರಬಹುದಾ?

ಕಾನೂನು ಓದುವವ:
ಮಾರುವಂತಿಲ್ಲ ಅಕ್ಕ. ನಮ್ಮ ರಾಜ್ಯದಲ್ಲಿ 2017ರಲ್ಲೇ ಬಿಡಿ ಸಿಗರೇಟ್, ಬೀಡಿ ಮಾರಾಟ ನಿಷೇಧಿಸಿದ್ದಾರೆ. ಚಿತ್ರದ ನಿಯಮ ಕೇಂದ್ರದ್ದು, 2003ರ ಕೋಟ್ಪಾ ಅನ್ನೋ ತಂಬಾಕು ನಿಯಂತ್ರಣ ಕಾಯ್ದೆಯ ಕೆಳಗೆ ಬರುತ್ತದೆ. 2009ರ ಮೇ 31ರಿಂದ ಚಿತ್ರ ಬಂತು, ಆಗ ಮುಂಭಾಗದ ಶೇ. 40 ಅಷ್ಟೇ. 2016ರ ಏಪ್ರಿಲ್‌ನಿಂದ ಎರಡೂ ಬದಿಯಲ್ಲಿ ಶೇ. 85, ಅಂದರೆ ಚಿತ್ರಕ್ಕೆ 60, ಬರಹಕ್ಕೆ 25. ಕಂಪನಿಗಳು ಸುಮ್ನೆ ಒಪ್ಪಲಿಲ್ಲ, ಕೋರ್ಟಿಗೆ ಹೋದವು, 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟೇ ಆ ನಿಯಮ ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಇಷ್ಟೆಲ್ಲಾ ಜಗ್ಗಾಡಿ ಉಳಿಸಿಕೊಂಡ ಚಿತ್ರ ಸೇದುವವರ ಕೈಗೇ ಬರುತ್ತಿಲ್ಲ ಅಂದರೆ ಸಂಕಟ ಆಗುತ್ತದೆ.

ಹಳೇ ಅಂಗಡಿಯವ:
ತಂಗಿ, ನಾನೂ ಹನ್ನೆರಡು ವರ್ಷ ಮಾರಿದವನು. ಬೆಳಿಗ್ಗೆ ಪ್ಯಾಕ್ ಒಡೆದು ಸಿಗರೇಟೆಲ್ಲ ಡಬ್ಬಕ್ಕೆ ಹಾಕುತ್ತಿದ್ದೆ, ಖಾಲಿ ಪ್ಯಾಕ್ ಕಾಲಡಿಯ ಬುಟ್ಟಿಗೆ. ಕೂಲಿಯವರು, ಕಾಲೇಜು ಹುಡುಗರು, ಒಟ್ಟಿಗೆ ಪ್ಯಾಕಿಗೆ ದುಡ್ಡು ಕೊಡಲಾಗದವರೇ ಜಾಸ್ತಿ. ಪೂರ್ತಿ ಪ್ಯಾಕ್ ಕೊಳ್ಳುವ ಕೆಲವರು ಚಿತ್ರ ನೋಡಿ "ಇದು ಬೇಡ, ಬೇರೆ ಚಿತ್ರದ್ದು ಕೊಡಿ" ಅನ್ನುತ್ತಿದ್ದರು. ಅದು ಮನಸ್ಸಿಗೆ ನಾಟುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಈಗ ಮಾರುವುದು ಬಿಟ್ಟೆ.

ಮಂಡ್ಯದವಳು:
ಪ್ಯಾಕ್ ಮೇಲೆ 2018ರಿಂದ 1800-11-2356 ಅಂತ ಒಂದು ನಂಬರ್ ಇರುತ್ತದೆ, ತಂಬಾಕು ಬಿಡಲು ಸಹಾಯ ಮಾಡುವವರದ್ದು. ದುಡ್ಡು ಹೋಗಲ್ಲ. ಬಿಡಿ ಕೊಳ್ಳುವವರಿಗೆ ಆ ನಂಬರೂ ಕಾಣುವುದಿಲ್ಲ ಅಲ್ವಾ! ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮಣ್ಣನಿಗೆ ಬೈಯಲಿಲ್ಲ, ಯಾವತ್ತು ಬಿಡ್ತೀರಿ, ತಾರೀಖು ನೀವೇ ಹೇಳಿ ಅಂದರು. ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಹಾಸನದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ನಂಬರ್ ಬರೆದು ಅಪ್ಪನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ, ಬೆಳಿಗ್ಗೆ ಪೇಪರ್ ಓದಲು ತೆಗೆದೇ ತೆಗೆಯುತ್ತಾರೆ. ಅಂಗಡಿಯವರ ಹತ್ತಿರ ನಾಳೆ ನಾನೇ ಹೋಗಿ ಮಾತಾಡುತ್ತೇನೆ.