ರಸ್ಟ್ ಪ್ರೋಗ್ರಾಮಿಂಗ್ ಭಾಷೆ ನಂಬ್ಕೊಂಡು ಹೋಗ್ಬೋದಾ? ಸಹಾಯ ಬೇಕು

ನಮಸ್ಕಾರ ಗುರುಗಳೇ, ಮಂಡ್ಯದಲ್ಲಿ ವೇಬ್ರಿಡ್ಜ್‌ಗಳಿಗೆ ಸಾಫ್ಟ್‌ವೇರ್ ಮಾಡ್ಕೊಡ್ತೀವಿ, ಕಬ್ಬಿನ ಲಾರಿ ಹತ್ತಿದ್ರೆ ಸೀರಿಯಲ್ ಪೋರ್ಟಿಂದ (ತೂಕದ ಮಿಷನ್ ಕೇಬಲ್ಲು ಕಂಪ್ಯೂಟರಿಗೆ ಸೇರೋ ಜಾಗ) ತೂಕ ಓದಿ ಚೀಟಿ ಪ್ರಿಂಟ್ ಹೊಡೆಯೋದು ಅಷ್ಟೇ, ಸಿ ಭಾಷೇಲಿ ಬರ್ದಿರೋ ಹಳೇ ಕೋಡು ಇವತ್ತಿಗೂ ಅಲ್ಲಾಡ್ದೆ ಓಡ್ತಾ ಐತೆ. ಈಗ ಹೊಸದಾಗಿ ಬರೀಬೇಕು, ಹುಡುಗ್ರು ರಸ್ಟೇ ಬೇಕು ಅಂತ ಪಟ್ಟು ಹಿಡ್ದವ್ರೆ. ಅದ್ರ ಮೊದಲ ಸ್ಥಿರ ವರ್ಷನ್ 1.0 ಬಂದಿದ್ದು 2015ರಲ್ಲಿ, 2022ರ ಕೊನೇಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದ್ರೆ ಕರ್ನಲ್ 6.1ಕ್ಕೂ ಸೇರ್ತು, ಹಂಗಾಗಿ ಭಾಷೆನೇ ಹೋಗ್ಬಿಡುತ್ತೆ ಅನ್ನೋ ಭಯ ನಂಗಿಲ್ಲ. ನನ್ ತಲೆನೋವು ಲೈಬ್ರರಿಗಳ್ದು (ಬೇರೆಯೋರು ಬರ್ದಿಟ್ಟಿರೋ, ನಾವು ಬಳಸ್ಕೊಳ್ಳೋ ರೆಡಿಮೇಡ್ ಕೋಡು), ಹತ್ ವರ್ಷ ಬಿಟ್ಟು ಯಾರೂ ಮೇಂಟೇನ್ ಮಾಡ್ದಿದ್ರೆ? ಆಗ ಈ ಕಡೆ ರಸ್ಟ್ ಬರೋ ಹುಡುಗ್ರು ಸಿಗ್ತಾರಾ? ಸೀರಿಯಲ್ ಪೋರ್ಟ್ ಕೆಲ್ಸಕ್ಕೆ ಇದನ್ನ ಬಳಸಿರೋರು ಇದ್ರೆ ಒಸಿ ಹೇಳಿ, ಕಬ್ಬಿನ ಸೀಸನ್ ಶುರುವಾಗೋದ್ರೊಳ್ಗೆ ಡಿಸೈಡ್ ಮಾಡ್ಬೇಕು.