ಕೈಗಾ ಅಣುಸ್ಥಾವರ, ಕಾಳಿ ಜಲವಿದ್ಯುತ್ ಎರಡೂ ಪಕ್ಕದಲ್ಲಿದ್ದರೂ ನಮ್ಮ ಐಸ್ ಪ್ಲಾಂಟಿನ ಕರೆಂಟು ಕಲ್ಲಿದ್ದಲಿನದ್ದಾ?

ಉಪ್ಪುನೀರು (ಕಾರವಾರ):
ಬೈತಖೋಲ ಬಂದರಿಗೆ ಐಸ್ ಕೊಡುವ ಪ್ಲಾಂಟು. ದಿನಕ್ಕೆ 20 ಟನ್, 50 ಕೆಜಿ ಬ್ಲಾಕು, ಕ್ಯಾನಿನ (ಐಸಿನ ಅಚ್ಚಿನ) ದಪ್ಪ 15 ಸೆಂ.ಮೀ. 45 ಕಿಲೋವ್ಯಾಟಿನ ಅಮೋನಿಯಾ ಕಂಪ್ರೆಸರ್ ಎರಡಿವೆ, ಒಂದು 24 ಗಂಟೆ ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಬ್ರೈನ್ ಟ್ಯಾಂಕಿನಲ್ಲಿ ಸುಮಾರು 40 ಘನ ಮೀಟರ್ ಉಪ್ಪುನೀರು, –10 ಡಿಗ್ರಿ. ಮಂಜೂರಾದ ಲೋಡ್ 75 ಕಿಲೋವ್ಯಾಟ್. ಸಂಜೆಯ ಲೋಡ್ ಹಗಲಿಗೆ ಸರಿಸಿದರೆ ಇಂಗಾಲ ನಿಜವಾಗಿ ಕಮ್ಮಿಯಾಗುತ್ತದಾ, ಅಥವಾ ಕೈಗಾದ ಕರೆಂಟು ಹೇಗೂ ಶುದ್ಧ ಅಂತ ಸುಮ್ಮನಿರಬಹುದಾ? ಬಿಲ್ಲಿನಲ್ಲಿ ಅದರ ಗುರುತು ಯಾಕೆ ಕಾಣುವುದಿಲ್ಲ?

ಲೋಡ್‌ಕರ್ವ್:
ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್. ನೀವು ಕಂಪ್ರೆಸರ್ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ, ಅದು ಒಂದೇ ಸಮ ಓಡುತ್ತದೆ. ಅದರಲ್ಲಿ ಬೇರೆ ರಾಜ್ಯಗಳಿಗೂ ಪಾಲಿದೆ. ತಂತಿ ಯಾವ ಊರಿಂದ ಬಂತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀವು 50 ಕಿಲೋವ್ಯಾಟ್ ಹೆಚ್ಚು ಎಳೆದಾಗ ಗ್ರಿಡ್ಡಿನಲ್ಲಿ ಯಾವ ಘಟಕ ಮೇಲೇರುತ್ತದೆ ಅನ್ನುವುದೇ ಪ್ರಶ್ನೆ. ಸಂಜೆ 7ಕ್ಕೆ ಹೆಚ್ಚಾಗಿ ಅದು ಕಲ್ಲಿದ್ದಲು, ಯೂನಿಟ್ಟಿಗೆ (ಕಿಲೋವ್ಯಾಟ್-ಗಂಟೆಗೆ) 0.9 ಕೆಜಿಗೂ ಮೇಲೆ ಇಂಗಾಲದ ಡೈಆಕ್ಸೈಡ್.

ಹಗಲು ಯಾವಾಗಲೂ ಶುದ್ಧ ಅಂತಲೂ ತಿಳಿಯಬೇಡಿ. ಮಧ್ಯಾಹ್ನವೂ ಕಲ್ಲಿದ್ದಲು ಘಟಕಕ್ಕೆ ಮೇಲೆ ಕೆಳಗೆ ಹೋಗಲು ಜಾಗವಿದ್ದರೆ ನಿಮ್ಮ ಹೆಚ್ಚುವರಿ ಲೋಡನ್ನು ಹೊರುವುದು ಅದೇ. ಆಗ ನೀವು ಹೊಗೆಯ ಹೊತ್ತು ಬದಲಿಸಿದಿರಿ, ಅಷ್ಟೆ. ಕಲ್ಲಿದ್ದಲು ಘಟಕಗಳು 55% ಕನಿಷ್ಠ ಲೋಡಿಗೆ ಇಳಿದು, ಇನ್ನು ಇಳಿಯಲಾಗದೆ ಸೋಲಾರ್ ಕಡಿತಗೊಳಿಸುವ ಹೊತ್ತಿನಲ್ಲಿ ಎಳೆದರೆ ಮಾತ್ರ ಪೂರ್ತಿ ಉಳಿತಾಯ. ಅದನ್ನು ಊಹಿಸಲು ಸುಲಭದ ದಾರಿ ವಿದ್ಯುತ್ ವಿನಿಮಯ ಕೇಂದ್ರದ ಮುಂದಿನ ದಿನದ ದರಪಟ್ಟಿ. ದಿನಕ್ಕೆ 15 ನಿಮಿಷದ 96 ಬ್ಲಾಕು. ಮಧ್ಯಾಹ್ನದ ಬ್ಲಾಕುಗಳು ತೀರಾ ಕೆಳಗೆ ಬಿದ್ದು, ಸಂಜೆಯವು ಯೂನಿಟ್ಟಿಗೆ 10 ರೂಪಾಯಿಯ ಮಿತಿಯತ್ತ ಏರಿದ ದಿನ ಲೋಡ್ ಸರಿಸುವುದಕ್ಕೆ ಅರ್ಥವಿದೆ.

ಶೀತಲ:
ಸಂಜೆ 6ರಿಂದ 10ರ ತನಕ ಪೂರ್ತಿ ನಿಲ್ಲಿಸುವ ಯೋಚನೆ ಇದ್ದರೆ ಬಿಡಿ. 28 ಡಿಗ್ರಿಯ ನೀರನ್ನು –8ರ ಐಸ್ ಮಾಡಲು ಟನ್ನಿಗೆ ಸುಮಾರು 130 ಯೂನಿಟ್ ಶಾಖ ತೆಗೆಯಬೇಕು. 20 ಟನ್ನಿಗೆ ಸರಾಸರಿ 108 ಕಿಲೋವ್ಯಾಟ್ ಶಾಖ, ಸೋರಿಕೆ ಸೇರಿ 120. ನಿಮ್ಮ 40 ಘನ ಮೀಟರ್ ಬ್ರೈನ್ ಡಿಗ್ರಿಗೆ ಹಿಡಿದಿಡುವುದು 43 ಯೂನಿಟ್ ಮಾತ್ರ. –12ಕ್ಕೆ ಇಳಿಸಿ ಕಂಪ್ರೆಸರ್ ನಿಲ್ಲಿಸಿದರೆ ಎರಡು ಗಂಟೆಗೆ –7ರ ಹತ್ತಿರ, ನಾಲ್ಕು ಗಂಟೆಗೆ –4. ಅಲ್ಲಿಗೆ ಬ್ಲಾಕಿನ ನಡುವೆ ನೀರು ಉಳಿದು ಟೊಳ್ಳಾಗುತ್ತದೆ. 15 ಸೆಂ.ಮೀ. ಕ್ಯಾನು –10ರಲ್ಲೇ ಹದಿಮೂರು–ಹದಿನಾಲ್ಕು ಗಂಟೆ ತಗೊಳ್ಳುತ್ತದೆ.

ಎರಡು ಗಂಟೆ ನಿಲ್ಲಿಸಿ, 7ರಿಂದ 9. ದಿನಕ್ಕೆ ಸುಮಾರು 90 ಯೂನಿಟ್ ಸರಿಯುತ್ತದೆ. ಆ ಹೊತ್ತಿನಲ್ಲಿ ಬ್ರೈನ್ ಕಲಕುವ ಅಜಿಟೇಟರ್ ಮಾತ್ರ ನಿಲ್ಲಿಸಬೇಡಿ, ನಿಲ್ಲಿಸಿದರೆ ಕಾಯಿಲಿನ (ಅಮೋನಿಯಾ ಕೊಳವೆಯ) ಹತ್ತಿರದ ಕ್ಯಾನು ಗಟ್ಟಿ, ದೂರದ್ದು ಪೊಳ್ಳು. ಮೊದಲು ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿ: ಅಡುಗೆ ಉಪ್ಪಿನ ಬ್ರೈನ್ ಆದರೆ ಸಾಂದ್ರತೆ 1.15 ಇರಬೇಕು, ಅಂದರೆ 20% ಉಪ್ಪು, ಹೆಪ್ಪುಗಟ್ಟುವುದು –16.5ಕ್ಕೆ. ಕ್ಯಾನ್ ಎತ್ತುವಾಗ ಚೆಲ್ಲಿದ ನೀರಿನಿಂದ ತೆಳುವಾಗಿದ್ದರೆ ಕಾಯಿಲ್ ಮೇಲೇ ಐಸ್ ಕೂರುತ್ತದೆ, ಕಂಪ್ರೆಸರಿನ ಸಕ್ಷನ್ (ಒಳಹರಿವಿನ) ಒತ್ತಡ ಬೀಳುತ್ತದೆ. –12ಕ್ಕಿಂತ ಕೆಳಗೆ ಹೋಗಬೇಡಿ, ಬ್ಲಾಕು ಸೀಳುತ್ತದೆ. ಬ್ರೈನ್ ಒಂದು ಡಿಗ್ರಿ ಇಳಿಸಿದರೆ ಕರೆಂಟು ಸುಮಾರು 3% ಜಾಸ್ತಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನೂ ಹೆಚ್ಚು ಸರಿಸಬೇಕೆಂದರೆ ಹಗಲು ಎರಡನೇ ಕಂಪ್ರೆಸರ್ ಹಾಕಿ ಐಸನ್ನೇ ಕೋಣೆಯಲ್ಲಿ ಪೇರಿಸಬೇಕು.

ಉಪ್ಪುನೀರು:
ಎರಡೂ ಹಾಕಿದರೆ ಪಂಪು ಸೇರಿ 97 ಕಿಲೋವ್ಯಾಟ್ ಆಗುತ್ತದಲ್ಲ ಮಾರಾಯ್ರೆ. 75 ದಾಟಿದರೆ ದಂಡ.

ಘಟ್ಟದಮೇಲೆ (ಶಿರಸಿ):
ನಿಮ್ಮ ಗಂಟು ಇರುವುದು ಅಲ್ಲೇ, ಅದನ್ನು ಕಟ್ಟಿದ್ದು ದರಪಟ್ಟಿ. ಡಿಮ್ಯಾಂಡ್ ಶುಲ್ಕ ತಿಂಗಳ ಗರಿಷ್ಠ ಲೋಡಿನ ಮೇಲೆ ಬೀಳುತ್ತದೆ. ಆ ಗರಿಷ್ಠ ಮಧ್ಯಾಹ್ನ 12ಕ್ಕೆ ಬಂತೋ ಸಂಜೆ 7ಕ್ಕೆ ಬಂತೋ ಕೇಳುವವರಿಲ್ಲ. ಸೋಲಾರ್ ಚೆಲ್ಲುವ ಹೊತ್ತಿಗೆ ಎಳೆದವನಿಗೂ ಶಿಕ್ಷೆ. ಜೊತೆಗೆ ರಾಜ್ಯದ ಎಚ್‌ಟಿ (ಹೈ ಟೆನ್ಷನ್) ದರದಲ್ಲಿ ವರ್ಷಗಳ ಕಾಲ ರಿಯಾಯಿತಿ ಇದ್ದದ್ದು ರಾತ್ರಿ 10ರಿಂದ ಬೆಳಿಗ್ಗೆ 6ಕ್ಕೆ. ರಾತ್ರಿ ಕಲ್ಲಿದ್ದಲು ಘಟಕ ಖಾಲಿ ಕೂತಿರುತ್ತಿದ್ದ ಕಾಲದ ಲೆಕ್ಕ ಅದು. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದ ಮೇಲೆ ಖಾಲಿ ಹೊತ್ತು ಹಗಲಿಗೆ ಬಂದಿದೆ. ಕೇಂದ್ರದ 2023ರ ಗ್ರಾಹಕ ಹಕ್ಕು ತಿದ್ದುಪಡಿ ನಿಯಮ ಸೋಲಾರ್ ಹೊತ್ತಿನ ದರ ಕನಿಷ್ಠ 20% ಕಡಿಮೆ ಇರಬೇಕು, 10 ಕಿಲೋವ್ಯಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ ಪೀಕ್ ದರ ಸಾಮಾನ್ಯ ದರದ 1.2 ಪಟ್ಟಿಗಿಂತ ಕಡಿಮೆ ಇರಬಾರದು ಅನ್ನುತ್ತದೆ. ಆದರೆ ಯೂನಿಟ್ ದರ ಇಳಿಸಿ ಡಿಮ್ಯಾಂಡ್ ಶುಲ್ಕ ಹಾಗೇ ಬಿಟ್ಟರೆ ಅರ್ಧ ಕೆಲಸ. ಆ ಶುಲ್ಕವನ್ನು ಪೀಕ್ ಹೊತ್ತಿನ ಗರಿಷ್ಠಕ್ಕೆ ಮಾತ್ರ ಕಟ್ಟಬೇಕು. ಹೆಸ್ಕಾಂ ದರ ಅರ್ಜಿಯ ಮೇಲೆ ಕೆಇಆರ್‌ಸಿ (ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ) ವಿಚಾರಣೆ ನಡೆಸುವಾಗ ಲಿಖಿತ ಆಕ್ಷೇಪಣೆ ಹಾಕಿ, ನಿಮ್ಮ 97ರ ಲೆಕ್ಕವನ್ನೇ ಅಂಟಿಸಿ. ಸದ್ಯಕ್ಕೆ ಎರಡನೇ ಕಂಪ್ರೆಸರಿನ ಅರ್ಧ ಸಿಲಿಂಡರ್ ಅನ್‌ಲೋಡ್ ಮಾಡಿದರೂ 77ರ ಹತ್ತಿರ ನಿಲ್ಲುತ್ತದೆ. ಮಂಜೂರಾದ ಲೋಡನ್ನು ಒಂದಿಷ್ಟು ಏರಿಸಿಕೊಳ್ಳದೆ ಗತಿ ಇಲ್ಲ.

ಇಂಗಾಲಕ್ಕೆ ಬೆಲೆ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಟನ್ನಿಗೆ 1000 ರೂಪಾಯಿ ಅಂತ ಇಟ್ಟುಕೊಳ್ಳಿ. 1.05 ಕೆಜಿ ಉಗುಳುವ ಹಳೇ ಘಟಕಕ್ಕೂ 0.88 ಉಗುಳುವ ಹೊಸದಕ್ಕೂ ಯೂನಿಟ್ಟಿಗೆ ವ್ಯತ್ಯಾಸ 17 ಪೈಸೆ. ಕಲ್ಲಿದ್ದಲಿನ ರೈಲು ಬಾಡಿಗೆಯ ವ್ಯತ್ಯಾಸವೇ ಅದನ್ನು ನುಂಗಿ ಹಾಕುತ್ತದೆ, ಯಾವ ಘಟಕ ಮೊದಲು ಓಡಬೇಕು ಅನ್ನುವ ಸರದಿ ಬದಲಾಗುವುದು ಅಪರೂಪ. ಬೆಲೆಯ ಕೆಲಸ ಕಾಣುವುದು ಹೊಸ ಹೂಡಿಕೆಯಲ್ಲಿ, ವಿದ್ಯುತ್ ಸಂಗ್ರಹದಲ್ಲಿ. ಅಂದಹಾಗೆ 2023ರ ಕಾರ್ಬನ್ ಕ್ರೆಡಿಟ್ ಯೋಜನೆಯ ಮೊದಲ ಪಟ್ಟಿಯಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ನಿಮ್ಮ ಪಕ್ಕದ ಬಿಣಗಾದಲ್ಲಿರುವಂಥ ಕ್ಲೋರ್-ಆಲ್ಕಲಿ (ಕ್ಲೋರಿನ್, ಕಾಸ್ಟಿಕ್ ಸೋಡಾ) ಉದ್ಯಮಗಳಿವೆ, ವಿದ್ಯುತ್ ಉತ್ಪಾದಕರಿಲ್ಲ.

ಉಪ್ಪುನೀರು:
ಸಂಜೆಗೆ ಕಾಳಿ ನೀರು ಬಿಟ್ಟರೆ ಸಾಲದಾ? ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆಗೆದು ಸುಮ್ಮನೆ ಹರಿಸುತ್ತಾರಲ್ಲ.

ಲೋಡ್‌ಕರ್ವ್:
ಗೇಟು ತೆಗೆದ ದಿನ ಕದ್ರಾದ 150 ಮೆಗಾವ್ಯಾಟ್ ಹೇಗೂ ತುಂಬಿ ಓಡುತ್ತಿರುತ್ತದೆ, ನಿಮ್ಮ ಲೋಡಿಗೆ ಅಂತ ಹೆಚ್ಚು ಹುಟ್ಟುವುದಿಲ್ಲ. ಜೂನ್–ಜುಲೈಯಲ್ಲಿ ಟ್ರಾಲರ್ ನಿಷೇಧ ಬೇರೆ, ಐಸಿಗೂ ಬೇಡಿಕೆ ಇಲ್ಲ. ಬೆಲೆ ಇರುವುದು ಮೇಲಿನ ಸೂಪಾ ಅಣೆಕಟ್ಟಿನಲ್ಲಿ ನಿಂತ ನೀರಿಗೆ. ನಾಗಝರಿ ವಿದ್ಯುದಾಗಾರದಲ್ಲಿ 340 ಮೀಟರ್ ಬೀಳು ಅಂತ ಹಿಡಿದರೆ ಒಂದು ಯೂನಿಟ್ಟಿಗೆ 1.2 ಘನ ಮೀಟರ್ ನೀರು. ಜನವರಿಯಲ್ಲಿ ಮಧ್ಯಾಹ್ನ ಖರ್ಚು ಮಾಡಿದ ಆ ನೀರು ಏಪ್ರಿಲ್ ಸಂಜೆಗೆ ಇರುವುದಿಲ್ಲ. ಕೆಳಗಿನ ಕೊಡಸಳ್ಳಿ, ಕದ್ರಾ ಚಿಕ್ಕವು. ಕದ್ರಾದ ನೀರನ್ನೇ ಕೈಗಾ ತಂಪಿಗೆ ಬಳಸುವುದರಿಂದ ಮಟ್ಟವನ್ನು ಬೇಕಾದಂತೆ ಇಳಿಸಲೂ ಆಗುವುದಿಲ್ಲ. ಹೈಡ್ರೋಗೆ ವರ್ಷವಿಡೀ ಒಂದೇ ದರ ಕೊಟ್ಟರೆ ನೀರು ಕಾದಿಡುವುದಕ್ಕೆ ಕೂಲಿ ಎಲ್ಲಿಂದ ಬರಬೇಕು? ಅದಕ್ಕೂ ಗಂಟೆಗೊಂದು ದರ ಬೇಕು.

ಶೀತಲ:
ಟೈಮರ್ ಹಾಕುವ ಮುಂಚೆ ಮೀಟರಿನ ಡಿಸ್‌ಪ್ಲೇ ಬಟನ್ ಒತ್ತಿ ಅದರ ಗಡಿಯಾರ ನೋಡಿ. 20 ನಿಮಿಷ ಹಿಂದಿದ್ದರೆ ನೀವು 9ಕ್ಕೆ ಹಾಕಿದ ಕಂಪ್ರೆಸರ್ ಅದರ ಲೆಕ್ಕದಲ್ಲಿ 8:40. ತಪ್ಪಿದ್ದರೆ ಫೋಟೋ ಸಮೇತ ಅರ್ಜಿ ಕೊಡಿ, ಸೀಲ್ ಮುಟ್ಟಬೇಡಿ.